ಭಂಗಾರದ (ಗುಜರಿಯ) ಕಟ್ಟಿಗೆಯಿಂದ ಕ್ರಿಸ್‌ಮಸ್ ಸ್ಟಾರು, ಗಿಡ, ಬೋರ್ಡು: ಹಳೇದು ಹಳೇದಾಗಿಯೇ ಕಾಣುವ ಹಾಗೆ ಮಾಡುವುದು ಹೇಗೆ

ನವೆಂಬರ್ ಕೊನೆ ಬಂತು ಅಂದರೆ ಬೀದರಿನ ಮಂಗಲಪೇಟೆಯಲ್ಲಿ ಮನೆ ಮುಂದೆ ಒಂದೊಂದೇ ಸ್ಟಾರ್ ಏರತೊಡಗುತ್ತವೆ. ಜಾಸ್ತಿ ಪಾಲು ಕಾಗದದವು, ಪ್ಲಾಸ್ಟಿಕ್ಕಿನವು. ಒಂದು ಹಬ್ಬ ಕಳೆದರೆ ಮುಗಿಯಿತು. ಈಚೆಗೆ ಆನ್‌ಲೈನ್‌ನಲ್ಲಿ ‘ಆ್ಯಂಟಿಕ್ ಫಿನಿಶ್’ ಅಂತ ಮರದ ಸ್ಟಾರು, ಮರದ ಕ್ರಿಸ್‌ಮಸ್ ಗಿಡ ಎಲ್ಲಾ ಸಿಗುತ್ತಿವೆ, ಬೆಲೆ ನೋಡಿದರೆ ಗಾಬರಿಯಾಗುತ್ತದೆ, ಕೈಗೆ ತಗೊಂಡು ನೋಡಿದರೆ ಕಟ್ಟಿಗೆ ನಾರು ಒತ್ತಿ ಮಾಡಿದ ಹೊಸ ಎಂಡಿಎಫ್ ಹಲಗೆಗೆ ಬಿಳಿ ಬಣ್ಣ ಬಳಿದು ಮೇಲಿಂದ ಕೆಳಗಿನವರೆಗೆ ಒಂದೇ ಸಮ ಉಜ್ಜಿರುತ್ತಾರೆ, ಅಷ್ಟೇ. ಅದನ್ನು ನೋಡಿ ಹಳೇದು ಅಂತ ಯಾರೂ ನಂಬುವುದಿಲ್ಲ.

ನಮ್ಮ ಕಡೆ ನಿಜವಾದ ಹಳೇ ಕಟ್ಟಿಗೆಗೆ ಏನು ಬರ ಇಲ್ಲ. ಸ್ವಲ್ಪ ಹುಡುಕಬೇಕು, ಮೊಳೆ ಕೀಳಬೇಕು, ಒಂದು ವಾರಾಂತ್ಯ ಕೂತು ಕೆಲಸ ಮಾಡಬೇಕು. ಇದರಲ್ಲಿ ಕಷ್ಟದ ಕೆಲಸ ಗರಗಸದ್ದಲ್ಲ, ಬಣ್ಣದ್ದು. ಬಣ್ಣ ಹಚ್ಚುವುದು ಎಲ್ಲರಿಗೂ ಬರುತ್ತದೆ, ಎಲ್ಲಿ ತೆಗೆಯಬೇಕು, ಎಲ್ಲಿ ಕೈ ಹಚ್ಚಬಾರದು ಅನ್ನುವುದರಲ್ಲೇ ಎಲ್ಲಾ ಇದೆ. ಹಾಗಾಗಿ ಕಟ್ಟಿಗೆ ಹುಡುಕುವ ಮೊದಲು ಒಂದು ಸುತ್ತು ತಿರುಗಾಡಿ ಬನ್ನಿ.

ಮೊದಲು ಹಳೇ ಬಾಗಿಲು ನೋಡಿ

ಬೀದರಿನವರಾದರೆ ಚೌಬಾರಾ ಸುತ್ತಲಿನ ಹಳೇ ಗಲ್ಲಿಗಳಿಗೆ ಹೋಗಿ. ಕಲಬುರಗಿಯವರಿಗೆ ಶಹಾಬಜಾರ್ ಇದೆ. ಬೇರೆ ಊರಾದರೆ ಯಾವುದಾದರೂ ಹಳೇ ವಾಡೆಯ ಬಾಗಿಲು ಸಾಕು. ಅದರ ಮುಂದೆ ಐದು ನಿಮಿಷ ಸುಮ್ನೆ ನಿಂತು ನೋಡಿ.

ಚಿಲಕದ ಸರಪಳಿ ಇರುವ ಕಡೆ ಬಣ್ಣ ಅರ್ಧ ಚಂದ್ರದ ಆಕಾರದಲ್ಲಿ ಹೋಗಿರುತ್ತದೆ, ಯಾಕೆಂದರೆ ದಿನಾ ಸರಪಳಿ ಬಿಟ್ಟಾಗ ಅದು ಓಲಾಡಿ ಅಲ್ಲೇ ತಾಗುತ್ತದೆ. ಕೈ ಇಟ್ಟು ತಳ್ಳುವ ಜಾಗ ಎದೆಯ ಎತ್ತರಕ್ಕೆ ಇರುತ್ತದೆ, ಅಲ್ಲಿ ಬಣ್ಣ ಹೋಗಿ ಕಟ್ಟಿಗೆ ಕಪ್ಪಗೆ, ನುಣ್ಣಗೆ ಆಗಿರುತ್ತದೆ. ಕೆಳಗಿನ ಒಂದು ಗೇಣು ಬಿಳಿಚಿಕೊಂಡು ಎಳೆ ಎಳೆ ಎದ್ದಿರುತ್ತದೆ, ಹೊಸ್ತಿಲು ತೊಳೆಯುವಾಗ ನೀರು ಸಿಡಿಯುವುದು ಅಲ್ಲಿಗೇ. ಹಲಗೆಯ ನಡುಭಾಗದಲ್ಲಿ ಮಾತ್ರ ಬಣ್ಣ ಗಟ್ಟಿಯಾಗಿ ಉಳಿದಿರುತ್ತದೆ. ಒಂದು ಕಡೆ ಚಕ್ಕೆ ಎದ್ದಿದ್ದರೆ ಹತ್ತಿರದಿಂದ ನೋಡಿ: ಮೇಲೆ ಹಸಿರು, ಅದರ ಕೆಳಗೆ ನೀಲಿ, ಅದರ ಕೆಳಗೆ ಕೆಂಪು, ಆಮೇಲೆ ಕಟ್ಟಿಗೆ. ಮೂಲೆಯ ಸಂದಿಯಲ್ಲಿ ಒಂದು ಚೂರೂ ಸವೆದಿರುವುದಿಲ್ಲ, ಅಲ್ಲಿ ಧೂಳು ಕೂತು ಇನ್ನೂ ಕಪ್ಪಾಗಿರುತ್ತದೆ.

ಸವೆತಕ್ಕೆ ಯಾವಾಗಲೂ ಒಂದು ಕಾರಣ ಇರುತ್ತದೆ, ಅಲ್ವಾ. ಕೈ ತಾಗಿತು, ನೀರು ಬಿತ್ತು, ಬಿಸಿಲು ಹೊಡೆಯಿತು, ಇನ್ನೊಂದು ಕಟ್ಟಿಗೆ ಉಜ್ಜಿತು. ನೀವು ಮಾಡುವ ಸ್ಟಾರಿನಲ್ಲೂ ಪ್ರತಿ ಸವೆತಕ್ಕೆ ‘ಇಲ್ಲಿ ಯಾಕೆ ಹೋಯಿತು’ ಅಂತ ಕೇಳಿದರೆ ಉತ್ತರ ಬರಬೇಕು. ಬಾರದಿದ್ದರೆ ಅಲ್ಲಿ ಉಜ್ಜಬೇಡಿ.

ಕಟ್ಟಿಗೆ ಎಲ್ಲಿ ಸಿಗುತ್ತದೆ

ಮೊದಲನೇದು ಪ್ಯಾಲೆಟ್. ಯಂತ್ರ, ಬಿಡಿಭಾಗ, ಕೆಮಿಕಲ್ ಡ್ರಮ್ ಹೊತ್ತು ಬರುವ ಅಡ್ಡಪಟ್ಟಿಯ ಚೌಕಟ್ಟುಗಳು. ಬೀದರಿನ ಕೊಳಾರ, ಕಲಬುರಗಿಯ ಕಪನೂರ, ಯಾದಗಿರಿ ಜಿಲ್ಲೆಯ ಕಡೇಚೂರು, ಈ ಕೈಗಾರಿಕಾ ಪ್ರದೇಶಗಳ ಸುತ್ತಲಿನ ಭಂಗಾರದ ಅಂಗಡಿಗಳಲ್ಲಿ ವಿಚಾರಿಸಿ. ಹೆಚ್ಚಾಗಿ ಪೈನ್ ಇರುತ್ತದೆ, ಹಗುರ, ಕೊಯ್ಯಲು ಸುಲಭ. ಆದರೆ ತಗೊಳ್ಳುವ ಮೊದಲು ಅದರ ಮೇಲಿನ ಠಸ್ಸೆ ಓದಿ. ದೇಶದಿಂದ ದೇಶಕ್ಕೆ ಹೋಗುವ ಪ್ಯಾಲೆಟ್ ಮೇಲೆ ಗೋಧಿ ತೆನೆಯ ಗುರುತು ಸುಟ್ಟೋ ಒತ್ತಿಯೋ ಇರುತ್ತದೆ, ಪಕ್ಕದಲ್ಲಿ ಎರಡು ಇಂಗ್ಲಿಷ್ ಅಕ್ಷರ. ಎಚ್‌ಟಿ ಅಂತ ಇದ್ದರೆ ಹುಳ ಸಾಯಲಿ ಅಂತ ಬಿಸಿ ಮಾಡಿದ್ದಾರೆ, ತೊಂದರೆ ಇಲ್ಲ. ಎಂಬಿ ಅಂತ ಇದ್ದರೆ ಮಿಥೈಲ್ ಬ್ರೋಮೈಡ್ ಅನ್ನುವ ವಿಷದ ಹೊಗೆ ಹಾಕಿದ್ದಾರೆ, ಅದನ್ನು ಮನೆಗೆ ತರಬೇಡಿ. ಗುರುತೇ ಇಲ್ಲದ ಲೋಕಲ್ ಪ್ಯಾಲೆಟ್ ಆದರೆ ಮೂಸಿ ನೋಡಿ. ಎಣ್ಣೆ, ಕ್ರಿಮಿನಾಶಕದ ವಾಸನೆ ಇದ್ದರೆ, ಬಣ್ಣಬಣ್ಣದ ಕಲೆ ಇದ್ದರೆ ಅಲ್ಲೇ ಬಿಟ್ಟು ಬನ್ನಿ.

ಎರಡನೇದು, ಹಳೇ ಮನೆ ಕೆಡವಿದಾಗ ಬರುವ ಕಟ್ಟಿಗೆ. ಮಣ್ಣಿನ ಮಾಳಿಗೆ ಮನೆಗಳ ಜಂತಿ, ಬಾಗಿಲ ಚೌಕಟ್ಟಿನ ತುಂಡು, ಕಿಟಕಿ ಪಟ್ಟಿ. ಬೇವು, ಜಾಲಿ, ಕೆಲವೊಮ್ಮೆ ಸಾಗವಾನಿ. ಅಡುಗೆಮನೆ ಮೇಲಿನ ಜಂತಿಯಾದರೆ ವರ್ಷಗಟ್ಟಲೆ ಹೊಗೆ ಕುಡಿದು ಎಂಥ ಕಪ್ಪು ಬಂದಿರುತ್ತದೆ ಅಂದರೆ ಅದಕ್ಕೆ ಯಾವ ಪಾಲಿಶ್ ಅಂಗಡಿಯವರೂ ಸಾಟಿಯಿಲ್ಲ. ಒಂದು ಮಾತು: ಉದ್ದಕ್ಕೆ ಗಟ್ಟಿಯಾಗಿರುವ ಸಾಗವಾನಿ ತೊಲೆ ಸಿಕ್ಕರೆ ಅದನ್ನು ಸ್ಟಾರ್ ಮಾಡಲು ಕೊಯ್ಯಬೇಡಿ. ಬಡಿಗರಿಗೆ ಕೊಡಿ, ಬಾಗಿಲಾಗುತ್ತದೆ. ನಮಗೆ ತುದಿ ಮುರಿದದ್ದು, ಒಲೆಗೆ ಹೋಗುವಂಥದ್ದು ಸಾಕು.

ಸಿಮೆಂಟಿನ ಛಾವಣಿ ಹಾಕುವಾಗ ಅಡಿಗೆ ಕೊಡುವ ಸೆಂಟ್ರಿಂಗ್ ಹಲಗೆಯೂ ಆಗುತ್ತದೆ. ಬಿಸಿಲಿಗೆ ಬೂದಿ ಬಣ್ಣಕ್ಕೆ ತಿರುಗಿ ಚೆನ್ನಾಗಿ ಕಾಣುತ್ತದೆ, ಆದರೆ ಅದಕ್ಕೆ ಅಂಟಿದ ಸಿಮೆಂಟನ್ನು ಮೊದಲು ಹಳೇ ಉಳಿಯಿಂದ ಎಬ್ಬಿಸದಿದ್ದರೆ ಗರಗಸದ ಹಲ್ಲು ಒಂದೇ ದಿನಕ್ಕೆ ಮೊಂಡಾಗುತ್ತದೆ. ಪ್ಲೈವುಡ್ ಬೇಡ, ಅಂಚಿನಲ್ಲಿ ಪದರ ಕಾಣುತ್ತದೆ, ಎಷ್ಟು ಉಜ್ಜಿದರೂ ಪ್ಲೈವುಡ್ ಅಂತಲೇ ಗೊತ್ತಾಗುತ್ತದೆ.

ಯಾವ ಕಟ್ಟಿಗೆಯಾದರೂ ಸ್ಕ್ರೂಡ್ರೈವರ್ ತುದಿಯಿಂದ ಚುಚ್ಚಿ ನೋಡಿ. ಬೆಣ್ಣೆಯ ಹಾಗೆ ಒಳಗೆ ಹೋದರೆ ಕೊಳೆತಿದೆ. ಸಣ್ಣ ತೂತು ಇದ್ದು, ತಟ್ಟಿದಾಗ ಹಿಟ್ಟಿನಂಥ ಪುಡಿ ಬಿದ್ದರೆ ಒಳಗೆ ಹುಳ ಇನ್ನೂ ಬದುಕಿದೆ. ಮಣ್ಣಿನ ಗೆರೆ ಇದ್ದರೆ ಗೆದ್ದಲು. ತೂತು ಹಳೇದು, ಪುಡಿ ಬೀಳುತ್ತಿಲ್ಲ ಅಂದರೆ ಮಾತ್ರ ಇಟ್ಟುಕೊಳ್ಳಿ, ಆ ತೂತುಗಳು ಚೆಂದವೇ. ಅನುಮಾನ ಇದ್ದರೆ ಒಂದು ಲೀಟರ್ ಬಿಸಿ ನೀರಿಗೆ 60 ಗ್ರಾಂ ಬಿಳಿಗಾರ, 40 ಗ್ರಾಂ ಬೋರಿಕ್ ಪೌಡರ್ ಕರಗಿಸಿ ಬ್ರಷ್‌ನಿಂದ ಎರಡು ಸಲ ಹಚ್ಚಿ ಒಣಗಿಸಿ. ಬಿಳಿಗಾರ ಅಕ್ಕಸಾಲಿಗರು ಬೆಸುಗೆಗೆ ಬಳಸುವಂಥದ್ದು, ಹುಡುಕಿದರೆ ಸಿಗುತ್ತದೆ. ಆ ಪಾತ್ರೆ ಮತ್ತೆ ಅಡುಗೆಗೆ ಬೇಡ, ಮಕ್ಕಳ ಕೈಗೂ ಸಿಗಬಾರದು.

ಹಳೇ ಬಣ್ಣ ಇದ್ದ ಕಟ್ಟಿಗೆಗೆ ಒಂದು ಎಚ್ಚರಿಕೆ. ನಮ್ಮ ದೇಶದಲ್ಲಿ ಮನೆ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 90 ಪಾಲು) ದಾಟಬಾರದು ಅನ್ನುವ ನಿಯಮ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕಿಂತ ಹಿಂದಿನ ಆಯಿಲ್ ಪೇಂಟ್‌ನಲ್ಲಿ, ಅದರಲ್ಲೂ ಗಾಢ ಹಳದಿ, ಕೆಂಪು, ಹಸಿರಿನಲ್ಲಿ, ಸೀಸ ಇರಬಹುದು ಅಂತಲೇ ಅಂದುಕೊಳ್ಳಿ. ಒಣ ಪಾಲಿಶ್ ಪೇಪರ್ ಹಾಕಿ ಉಜ್ಜಿದರೆ ಆ ಧೂಳು ಮೂಗಿಗೆ, ಅಂಗಳಕ್ಕೆ, ಆಡುವ ಮಕ್ಕಳ ಕೈಗೆ. ನೀರು ಹಚ್ಚಿ ವಾಟರ್ ಪೇಪರ್‌ನಿಂದ ಉಜ್ಜಿ, ಮಾಸ್ಕ್ ಹಾಕಿ, ಚಕ್ಕೆ ಎಲ್ಲಾ ಒಂದು ಪೇಪರ್ ಮೇಲೆ ಬೀಳಿಸಿ ಕಟ್ಟಿ ಎಸೆಯಿರಿ. ಆ ಬಣ್ಣ ಸುಡಬೇಡಿ. ಮಕ್ಕಳು ಬಾಯಿಗೆ ಹಾಕಬಹುದಾದ ಸಣ್ಣ ಗೊಂಬೆ, ಮಣಿಗೆ ಅಂಥ ಕಟ್ಟಿಗೆ ಬಳಸಲೇಬಾರದು.

ಮೊಳೆ ಕೀಳುವುದು, ತೊಳೆಯುವುದು

ಪ್ಯಾಲೆಟ್‌ನ ಮೊಳೆಗಳಿಗೆ ಮೈಮೇಲೆ ಸುರುಳಿ ಅಥವಾ ಉಂಗುರದ ಗೆರೆ ಇರುತ್ತದೆ, ಕಿತ್ತರೆ ಬರುವುದಿಲ್ಲ, ಪಟ್ಟಿಯ ತುದಿ ಸೀಳುತ್ತದೆ. ಜಗಳ ಆಡಬೇಡಿ. ಪಟ್ಟಿ ಮತ್ತು ಅಡಿಯ ಕಟ್ಟಿಗೆಯ ನಡುವೆ ಬಾರ್ ಹಾಕಿ ಸ್ವಲ್ಪ ಎಬ್ಬಿಸಿ, ಆ ಸಂದಿಯಲ್ಲಿ ಹ್ಯಾಕ್ಸಾ ಬ್ಲೇಡ್ ತೂರಿಸಿ ಮೊಳೆಯನ್ನೇ ಕತ್ತರಿಸಿ. ಮೊಳೆಯ ತಲೆ ಪಟ್ಟಿಯಲ್ಲೇ ಉಳಿಯುತ್ತದೆ, ಉಳಿಯಲಿ. ಅದರ ಸುತ್ತ ತುಕ್ಕು ಇಳಿದು ಒಂದು ಕಪ್ಪು ಉಂಗುರ ಆಗಿರುತ್ತದಲ್ಲ, ಅದನ್ನು ನೀವು ಬ್ರಷ್‌ನಿಂದ ಬರೆಯಲು ಹೋದರೆ ಬರುವುದಿಲ್ಲ. ಗರಗಸ ಹೋಗುವ ದಾರಿಯಲ್ಲಿ ಮಾತ್ರ ಮೊಳೆ ಇರಬಾರದು. ಹಳೇ ಸ್ಪೀಕರಿನ ಅಯಸ್ಕಾಂತ ಇದ್ದರೆ ಹಲಗೆ ಮೇಲೆ ಒಂದು ಸಲ ಆಡಿಸಿ, ಒಳಗೆ ಅಡಗಿದ್ದೂ ಗೊತ್ತಾಗುತ್ತದೆ. ಕಿತ್ತ ತುಕ್ಕು ಮೊಳೆ ಎಸೆಯಬೇಡಿ, ಮುಂದೆ ಕೆಲಸಕ್ಕೆ ಬರುತ್ತವೆ.

ಮೊದಲು ಒಣ ಬ್ರಷ್, ಆಮೇಲೆ ಸೋಪಿನ ನೀರಿನಲ್ಲಿ ಬೇಗ ಒಂದು ತೊಳೆತ. ನೆನೆಸಿಡಬೇಡಿ. ನೆರಳಲ್ಲಿ, ಗೋಡೆಗೆ ಒರಗಿಸಿ, ಮೂರ್ನಾಲ್ಕು ದಿನ ಗಾಳಿಗೆ ಬಿಡಿ. ಡಿಸೆಂಬರ್‌ನಲ್ಲಿ ನಮ್ಮ ಕಡೆ ಗಾಳಿ ಒಣಗಿರುತ್ತದೆ, ಚಳಿ ಇದ್ದರೂ ಬೇಗ ಆರುತ್ತದೆ. ನೇರ ಬಿಸಿಲಿಗೆ ಹಾಕಿದರೆ ತೆಳು ಪಟ್ಟಿ ಸೊಟ್ಟಗಾಗುತ್ತದೆ.

ಇಲ್ಲಿ ಎಲ್ಲರಿಗೂ ಒಂದು ಆಸೆ ಬರುತ್ತದೆ: ರಂದಾ ಹೊಡೆದು ಒಂದು ಸಲ ಸಾಪಾಗಿ ಮಾಡಿಬಿಡೋಣ ಅಂತ. ಬೇಡ. ಮೇಲಿನ ಒಂದು ಸೂತದಲ್ಲೇ (ಇಂಚಿನ ಎಂಟನೇ ಒಂದು ಪಾಲು) ಅದರ ವಯಸ್ಸೆಲ್ಲಾ ಇದೆ. ಅದನ್ನು ತೆಗೆದು, ಆಮೇಲೆ ಬಣ್ಣದಲ್ಲಿ ಅದನ್ನೇ ವಾಪಸ್ ತರಲು ಒದ್ದಾಡುವುದು ಯಾಕೆ? ಕೈಗೆ ಸಿಬಿರು ಚುಚ್ಚದ ಹಾಗೆ 80 ನಂಬರಿನ ಪೇಪರ್‌ನಿಂದ ಅಂಚು ಮಾತ್ರ ಸವರಿ.

ಐದು ಪಟ್ಟಿಯ ಸ್ಟಾರ್

ಲೆಕ್ಕ ಬೇಕಾಗುವುದು ಇದೊಂದಕ್ಕೇ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಒಂದೂವರೆ ಇಂಚು ಅಗಲ, ಎರಡು ಮೂರು ಸೂತ ದಪ್ಪ, ಇಪ್ಪತ್ತೈದೂವರೆ ಇಂಚು ಉದ್ದದ ಐದು ಪಟ್ಟಿ ಕೊಯ್ದುಕೊಳ್ಳಿ. ಐದರ ಉದ್ದವೂ ಒಂದೇ ಇರಬೇಕು, ಅಗಲ ಸ್ವಲ್ಪ ಆಚೀಚೆ ಆದರೆ ಪರವಾಗಿಲ್ಲ, ಇನ್ನೂ ಚೆಂದ. ಪ್ರತಿ ಪಟ್ಟಿಯ ಎರಡೂ ತುದಿಯಿಂದ ಆರು ಸೂತ ಒಳಗೆ ಒಂದೊಂದು ತೂತು. ತೂತಿನಿಂದ ತೂತಿಗೆ ಸರಿಯಾಗಿ 24 ಇಂಚು ಬರಬೇಕು.

ಈಗ ನೆಲದ ಮೇಲೆ, ಶಹಾಬಾದ್ ಕಲ್ಲಿನ ನೆಲ ಆದರೆ ಸೀಮೆಸುಣ್ಣ ಚೆನ್ನಾಗಿ ಹಿಡಿಯುತ್ತದೆ, ಒಂದು ದಾರ ಕಟ್ಟಿ 12 ಇಂಚು 5 ಸೂತ ತ್ರಿಜ್ಯದ ವೃತ್ತ ಎಳೆಯಿರಿ. ಮೇಲೆ ಒಂದು ಗುರುತು. ಆ ಗುರುತಿನಿಂದ 24 ಇಂಚಿನ ಪಟ್ಟಿಯನ್ನು ಎಡಕ್ಕೆ ಇಳಿಸಿದಾಗ ವೃತ್ತಕ್ಕೆ ಎಲ್ಲಿ ತಾಗುತ್ತದೋ ಅಲ್ಲಿ ಎರಡನೇದು. ಅಲ್ಲಿಂದ ಮತ್ತೆ 24 ಇಂಚು, ಬಲಗಡೆ ಮೇಲಕ್ಕೆ. ಹೀಗೇ ಹೋದರೆ ಐದನೇ ಸಲಕ್ಕೆ ಹೊರಟ ಜಾಗಕ್ಕೇ ಬರುತ್ತೀರಿ, ಸ್ಟಾರ್ ನೆಲದ ಮೇಲೆ ಬಿದ್ದಿರುತ್ತದೆ. ಅದರ ಮೇಲೆ ಪಟ್ಟಿ ಜೋಡಿಸಿದರಾಯಿತು.

ಪಟ್ಟಿಗಳು ತೆಳ್ಳಗಿದ್ದರೆ ಹೆಣೆಯಿರಿ. ಪ್ರತಿ ಪಟ್ಟಿ ನಡುವೆ ಎರಡು ಪಟ್ಟಿಯನ್ನು ದಾಟುತ್ತದೆ, ಒಂದರ ಮೇಲೆ ಹೋಗಲಿ, ಇನ್ನೊಂದರ ಕೆಳಗೆ. ಹೆಣೆದ ಸ್ಟಾರ್ ತಾನೇ ಬಿಗಿಯಾಗಿ ನಿಲ್ಲುತ್ತದೆ. ದಪ್ಪ ಇದ್ದರೆ ಬಗ್ಗುವುದಿಲ್ಲ, ಸುಮ್ನೆ ಒಂದರ ಮೇಲೊಂದು ಇಟ್ಟು ಬಿಗಿಯಿರಿ, ಎತ್ತರ ತಗ್ಗು ಇದ್ದಲ್ಲಿ ವಾಷರ್ ಕೊಡಿ. ತುದಿಗಳಿಗೆ ಸಣ್ಣ ಬೋಲ್ಟು, ಒಳಗೆ ದಾಟುವ ಐದು ಜಾಗಕ್ಕೆ ಹಿಂದಿನಿಂದ ಒಂದು ಹನಿ ಫೆವಿಕಾಲ್, ಒಂದು ಗಿಡ್ಡ ಮೊಳೆ. ಮೊಳೆ ಹೊಡೆಯುವ ಮೊದಲು ಸಣ್ಣ ತೂತು ಮಾಡಿಕೊಳ್ಳಿ, ಹಳೇ ಒಣ ಕಟ್ಟಿಗೆ ಬೇಗ ಸೀಳುತ್ತದೆ.

ಜೋಡಿಸುವ ಮುಂಚೆ ಬಣ್ಣ ಹಚ್ಚಿ, ಜೋಡಿಸಿದ ಮೇಲೆ ಉಜ್ಜಿ. ಈ ಕ್ರಮ ತಪ್ಪಿಸಬೇಡಿ. ಜೋಡಿಸಿದ ಮೇಲೆ ಬಣ್ಣ ಹಚ್ಚಿದರೆ ಸಂದಿಗಳಲ್ಲಿ ಬಣ್ಣ ನಿಂತು ಗಡ್ಡೆ ಕಟ್ಟುತ್ತದೆ. ಜೋಡಿಸುವ ಮುಂಚೆಯೇ ಉಜ್ಜಿದರೆ ಯಾವ ಅಂಚು ಮೇಲೆ ಬರುತ್ತದೆ, ಯಾವುದು ಅಡಿಗೆ ಹೋಗುತ್ತದೆ ಗೊತ್ತಾಗುವುದಿಲ್ಲ, ಅಡಗಿದ ಜಾಗವೂ ಸವೆದಂತೆ ಕಾಣುತ್ತದೆ.

ಗಿಡ, ಗೂಡು, ಬೋರ್ಡು

ಗಿಡ ಸುಲಭ. 28 ಇಂಚಿನ ಒಂದು ನಿಲುವು ಪಟ್ಟಿ, ಅದಕ್ಕೆ ಅಡ್ಡಕ್ಕೆ ಕೆಳಗಿನಿಂದ 20, 17, 14, 11, 8, 5 ಇಂಚಿನ ಆರು ತುಂಡು, ನಡುವೆ ಎರಡೆರಡು ಇಂಚು ಬಿಟ್ಟು. ಆರೂ ಬೇರೆ ಬೇರೆ ಕಟ್ಟಿಗೆ ಆಗಿದ್ದರೆ ಇನ್ನೂ ಒಳ್ಳೇದು. ತುದಿಗಳನ್ನು ಗರಗಸದಿಂದ ನೀಟಾಗಿ ಕೊಯ್ಯುವ ಬದಲು ಒಂದೆರಡು ತುದಿ ಮುರಿದ ಹಾಗೇ ಬಿಡಿ.

ಜಂತಿಯ ಗಿಡ್ಡ ತುಂಡುಗಳಿದ್ದರೆ ಮೇಲೆ ಎರಡು ಓರೆ ಕೊಯ್ತ ಕೊಟ್ಟರೆ ಮನೆ ಆಯಿತು. ಗೋದಲಿ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ) ಇಡುವ ಮನೆಯವರಿಗೆ ಇಂಥ ನಾಲ್ಕೈದು ಮನೆ ಸಾಲಾಗಿ ಇಟ್ಟರೆ ಬೆತ್ಲೆಹೇಮ್ ಊರು ತಯಾರು. ಒಳಗೆ ದೀಪ ಇಡುವ ಆಸೆ ಇದ್ದರೆ ಬ್ಯಾಟರಿಯ ಎಲ್‌ಇಡಿ ಇಡಿ. ಹಳೇ ಒಣ ಕಟ್ಟಿಗೆ, ಅದರ ಮೇಲೆ ಎಣ್ಣೆ ಮೇಣ, ಪಕ್ಕದಲ್ಲಿ ಉರಿಯುವ ಮೇಣಬತ್ತಿ, ಇದು ಬೇಡವೇ ಬೇಡ.

ಅಕ್ಷರದ ಬೋರ್ಡು ಮಾಡುವವರಿಗೆ ಮಾತ್ರ ಸ್ವಲ್ಪ ಜಾಸ್ತಿ ಹೇಳಬೇಕು. ‘ಕ್ರಿಸ್‌ಮಸ್ ಹಬ್ಬದ ಶುಭಾಶಯಗಳು’ ಅಂತ ಸ್ಟೆನ್ಸಿಲ್ ಕತ್ತರಿಸಲು ಹೋದರೆ ಕನ್ನಡದ ದುಂಡು ಅಕ್ಷರ ಕೈ ಕೊಡುತ್ತವೆ. ‘ಭ’, ‘ಬ’ ಇವುಗಳ ಹೊಟ್ಟೆಯೊಳಗಿನ ತುಂಡು ಕತ್ತರಿಸಿದ ಕೂಡಲೇ ಉದುರಿಹೋಗುತ್ತವೆ. ಅದಕ್ಕೆ ಪ್ರತಿ ಸುತ್ತಿನಲ್ಲೂ ಅರ್ಧ ಸೂತ ಅಗಲದ ಒಂದು ಸೇತುವೆ ಬಿಟ್ಟು ಕತ್ತರಿಸಬೇಕು. ಒತ್ತಕ್ಷರದ ಕೆಳಗೆ ಜಾಗ ಬಿಟ್ಟು ಸಾಲು ಹಾಕಿ, ಇಲ್ಲದಿದ್ದರೆ ‘ಬ್ಬ’ದ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ಗುದ್ದುತ್ತದೆ. ಇದೆಲ್ಲಾ ರಗಳೆ ಅನಿಸಿದರೆ ದೊಡ್ಡದಾಗಿ ಪ್ರಿಂಟ್ ತೆಗೆದು, ಕೆಳಗೆ ಕಾರ್ಬನ್ ಪೇಪರ್ ಇಟ್ಟು ಪೆನ್ನಿನಿಂದ ಅಕ್ಷರದ ಹೊರಗೆರೆ ಎಳೆಯಿರಿ, ಆಮೇಲೆ ಸಣ್ಣ ಬ್ರಷ್‌ನಿಂದ ತುಂಬಿ. ನನಗೆ ಇದೇ ಇಷ್ಟ, ಕೈ ನಡುಗಿದ್ದು ಸ್ವಲ್ಪ ಕಾಣಬೇಕು. ಅಕ್ಷರವನ್ನು ಉಜ್ಜುವಾಗ ಓದಲು ಆಗುವಷ್ಟಾದರೂ ಉಳಿಸಿ.

ಹಳೇದು ಮಾಡುವ ಕೆಲಸ

ಕ್ರಮ ಇದು: ಮೊದಲು ಗಾಯ, ಆಮೇಲೆ ಅಡಿ ಬಣ್ಣ, ಆಮೇಲೆ ಮೇಣ, ಆಮೇಲೆ ಮೇಲಿನ ಬಣ್ಣ, ಕೊನೆಗೆ ಉಜ್ಜುವುದು.

ಕಟ್ಟಿಗೆ ನಿಜಕ್ಕೂ ಹಳೇದಿದ್ದರೆ ಗಾಯ ಬೇಕಾಗಿಲ್ಲ. ಹೊಸದಾಗಿ ಕೊಯ್ದ ಅಂಚು ಮಾತ್ರ ಚೂಪಾಗಿ, ಬೆಳ್ಳಗೆ ಕಾಣುತ್ತದೆ. ಅದನ್ನು ಸುತ್ತಿಗೆಯಿಂದ ಅಲ್ಲಲ್ಲಿ ಮೆಲ್ಲಗೆ ತಟ್ಟಿ, ಒಂದು ಹಿಡಿ ಬೋಲ್ಟು ನಟ್ಟನ್ನು ಬಟ್ಟೆಯಲ್ಲಿ ಕಟ್ಟಿ ಬಡಿಯಿರಿ. ಪೈನ್ ಮೇಲೆ ವೈರ್ ಬ್ರಷ್‌ನಿಂದ ಎಳೆಯ ದಿಕ್ಕಿನಲ್ಲಿ ಜೋರಾಗಿ ಎಳೆದರೆ ಮೆತ್ತನೆ ಭಾಗ ಹೋಗಿ ಗಟ್ಟಿ ಗೆರೆ ಎದ್ದು ನಿಲ್ಲುತ್ತದೆ, ಮಳೆ ಬಿಸಿಲು ಮಾಡುವ ಕೆಲಸವೂ ಅದೇ.

ಅಡಿ ಬಣ್ಣಕ್ಕೆ ಅಂಗಡಿಯ ಸ್ಟೇನ್ ಬೇಕಿಲ್ಲ. ಆ ತುಕ್ಕು ಮೊಳೆಗಳನ್ನು, ಇಲ್ಲವೇ ಹಾರ್ಡ್‌ವೇರ್ ಅಂಗಡಿಯ ಸ್ಟೀಲ್ ವುಲ್ ಅನ್ನು, ಗಾಜಿನ ಬಾಟಲಿಯಲ್ಲಿ ಬಿಳಿ ವಿನಿಗರ್ ಹಾಕಿ ನೆನೆಸಿ. ಸ್ಟೀಲ್ ವುಲ್ ಆದರೆ ಒಂದೆರಡು ದಿನ ಸಾಕು, ಮೊಳೆ ಆದರೆ ವಾರ ಹಿಡಿಯುತ್ತದೆ. ಮುಚ್ಚಳ ಬಿಗಿಯಬೇಡಿ, ಒಳಗೆ ಗ್ಯಾಸ್ ಹುಟ್ಟುತ್ತದೆ, ಅದು ಹೈಡ್ರೋಜನ್, ಹತ್ತಿರ ಬೆಂಕಿ ಬೇಡ. ಪಾತ್ರೆ ಉಜ್ಜುವ ಹೊಳೆಯುವ ಸ್ಕ್ರಬ್ಬರ್ ಹಾಕಿ ‘ಏನೂ ಆಗಲಿಲ್ಲ’ ಅನ್ನಬೇಡಿ, ಅದು ಸ್ಟೇನ್‌ಲೆಸ್, ಕರಗುವುದಿಲ್ಲ. ಈ ನೀರು ಜಾಲಿ, ಸಾಗವಾನಿಯಂಥ ಕಟ್ಟಿಗೆಗೆ ತಾಗಿದರೆ ಅದರೊಳಗಿನ ಒಗರಿನ ಜೊತೆ ಸೇರಿ ನೋಡುನೋಡುತ್ತಲೇ ಕಪ್ಪಾಗುತ್ತದೆ. ಪೈನ್‌ನಲ್ಲಿ ಒಗರು ಕಡಿಮೆ, ಅದಕ್ಕೆ ಮೊದಲು ಗಟ್ಟಿಯಾಗಿ ಕುದಿಸಿದ ಹಾಲಿಲ್ಲದ ಚಹಾ ಹಚ್ಚಿ, ಆರಿದ ಮೇಲೆ ಇದನ್ನು ಹಚ್ಚಿ, ಬೂದಿ ಬಣ್ಣ ಬರುತ್ತದೆ. ಯಾವಾಗಲೂ ಹಿಂಬದಿಯಲ್ಲಿ ಒಂದು ಗೆರೆ ಹಚ್ಚಿ ನೋಡಿಕೊಂಡೇ ಮುಂದುವರಿಯಿರಿ.

ಬೀದರಿನವರು ಕೆಲವರು ಕೇಳುತ್ತಾರೆ, ಬಿದರಿ ಕಲೆಗೆ ಕೋಟೆಯ ಮಣ್ಣು ಹಾಕಿ ಕಪ್ಪು ಮಾಡುತ್ತಾರಲ್ಲ, ಅದನ್ನೇ ಇಲ್ಲಿ ಮಾಡಬಹುದಾ ಅಂತ. ಆಗುವುದಿಲ್ಲ. ಆ ಮಣ್ಣು ನವಸಾಗರದ ಜೊತೆ ಸೇರಿ ಕಪ್ಪು ಮಾಡುವುದು ಸತು ಹೆಚ್ಚಿರುವ ಆ ಲೋಹವನ್ನು, ಅದರಲ್ಲಿ ಕೂರಿಸಿದ ಬೆಳ್ಳಿ ಹಾಗೇ ಉಳಿಯುತ್ತದೆ. ಕಟ್ಟಿಗೆಗೆ ಹಚ್ಚಿದರೆ ಬರೀ ಮಣ್ಣು. ಆದರೆ ಕಪ್ಪು ನೆಲ, ಅದರ ಮೇಲೆ ತೆಳು ಬಿಳಿ ಗೆರೆ ಅನ್ನುವ ಲೆಕ್ಕವನ್ನು ಅಲ್ಲಿಂದ ತಗೊಳ್ಳಬಹುದು. ಹೊಗೆ ಕುಡಿದ ಜಂತಿಯ ಮೇಲೆ ಬಿಳಿ ಬಳ್ಳಿ ಬರೆದು ನೋಡಿ, ಬಂಗಾರದ ಬಣ್ಣಕ್ಕಿಂತ ಎಷ್ಟೋ ಚೆನ್ನಾಗಿರುತ್ತದೆ.

ಈಗ ಮೇಣ. ಹಳೇ ಮೇಣಬತ್ತಿಯ ತುಂಡು ತಗೊಂಡು ಎಲ್ಲಿ ಬಣ್ಣ ಹೋಗಬೇಕೋ ಅಲ್ಲಿ ಮಾತ್ರ ಗಟ್ಟಿಯಾಗಿ ಉಜ್ಜಿ. ಮೇಣ ಇದ್ದಲ್ಲಿ ಮೇಲಿನ ಬಣ್ಣ ಹಿಡಿಯುವುದಿಲ್ಲ, ಆಮೇಲೆ ಒಂದು ಸವರಿಗೆ ಚಕ್ಕೆ ಚಕ್ಕೆಯಾಗಿ ಏಳುತ್ತದೆ. ಅಂದರೆ ಸವೆತ ಎಲ್ಲಿ ಅನ್ನುವುದನ್ನು ತೀರ್ಮಾನ ಮಾಡುವುದು ಇಲ್ಲೇ, ಕೊನೆಗಲ್ಲ. ಸ್ಟಾರಿನಲ್ಲಿ ಎಲ್ಲಿ? ಐದು ತುದಿಗಳು, ಯಾಕೆಂದರೆ ಇಳಿಸಿ ಇಡುವಾಗ ಅವೇ ನೆಲಕ್ಕೆ ತಾಗುವುದು. ಕೆಳಗಿನ ಎರಡು ತುದಿ ಇನ್ನೂ ಜಾಸ್ತಿ. ಹಗ್ಗ ಕಟ್ಟುವ ಮೇಲಿನ ಎರಡು ಒಳಮೂಲೆಯ ಸುತ್ತ. ಪಟ್ಟಿ ಮೇಲೆ ಪಟ್ಟಿ ದಾಟುವಲ್ಲಿ ಮೇಲಿನ ಪಟ್ಟಿಯ ಅಂಚು. ಪಟ್ಟಿಯ ನಡುವೆ ಬೇಡ. ಬೋರ್ಡಿನಲ್ಲಾದರೆ ನಾಲ್ಕು ಮೂಲೆ, ಮತ್ತು ಕೈಯಲ್ಲಿ ಹಿಡಿಯುವ ಎರಡು ಪಕ್ಕ.

ಮೇಲಿನ ಬಿಳಿಗೆ ನನ್ನ ಮೊದಲ ಆಯ್ಕೆ ಸುಣ್ಣ. ಪ್ಯಾಕೆಟ್ಟಿನಲ್ಲಿ ಸಿಗುವ ಅರಳಿದ ಸುಣ್ಣದ ಪುಡಿ ತಗೊಳ್ಳಿ, ಮಜ್ಜಿಗೆ ಹದಕ್ಕೆ ಕಲಸಿ, ಕೈಗೆ ಅಂಟದ ಹಾಗೆ ಸ್ವಲ್ಪ ಫೆವಿಕಾಲ್ ಸೇರಿಸಿ, ಬೇಕಿದ್ದರೆ ಬಟ್ಟೆಗೆ ಹಾಕುವ ನೀಲಿ ಎರಡು ಹನಿ. ನಮ್ಮ ಹಳ್ಳಿ ಗೋಡೆಗಳ ಆ ತಿಳಿ ನೀಲಿ ಬಿಳಿ ಬರುತ್ತದೆ. ಕಣ್ಣಿಗೆ ಸಿಡಿಯದ ಹಾಗೆ ಕನ್ನಡಕ ಹಾಕಿ, ಸುಣ್ಣ ಕಣ್ಣನ್ನು ಸುಡುತ್ತದೆ. ಸಾಗವಾನಿ, ಜಾಲಿಯ ಮೇಲೆ ಬಿಳಿಯ ಮೂಲಕ ಹಳದಿ ಕಲೆ ಹೊರಗೆ ಬರಬಹುದು. ಬರಲಿ, ಹಬ್ಬದ ದಿನದ ಬಿಳಿ ಬೇಕು ಅನ್ನುವವರು ಪ್ಲಾಸ್ಟಿಕ್ ಸ್ಟಾರ್ ತಗೊಳ್ಳಲಿ.

ಬಣ್ಣ ಬೇಕಾದರೆ ಗೋಡೆಯ ಎಮಲ್ಶನ್. ಒಂದು ಪಾಲು ಪ್ಲಾಸ್ಟರ್ ಆಫ್ ಪ್ಯಾರಿಸ್ ಅನ್ನು ಒಂದು ಪಾಲು ನೀರಲ್ಲಿ ಗಂಟಿಲ್ಲದ ಹಾಗೆ ಕಲಸಿ ಮೂರು ಪಾಲು ಬಣ್ಣಕ್ಕೆ ಹಾಕಿದರೆ ಹೊಳಪಿಲ್ಲದ, ಸುಲಭಕ್ಕೆ ಉಜ್ಜಿ ತೆಗೆಯಬಹುದಾದ ಬಣ್ಣ ಸಿಗುತ್ತದೆ. ಬೇಗ ಗಟ್ಟಿಯಾಗುತ್ತದೆ, ಬೇಕಾದಷ್ಟೇ ಕಲಸಿ. ಡಬ್ಬದ ಕೆಂಪು, ಡಬ್ಬದ ಹಸಿರು ಹಾಗೇ ಹಚ್ಚಿದರೆ ನಿನ್ನೆ ಮಾಡಿದ್ದು ಅಂತ ಕೂಗುತ್ತದೆ. ಕೆಂಪಿಗೆ ಒಂದು ಚಿಟಿಕೆ ಕೆಮ್ಮಣ್ಣು, ಒಂದು ಹನಿ ಕಪ್ಪು ಹಾಕಿ, ಬೀದರ ಕೋಟೆಯ ಗೋಡೆಯ ಕೆಂಪಿನ ಹತ್ತಿರ ಬರುವವರೆಗೆ. ಹಸಿರಿಗೆ ಸ್ವಲ್ಪ ಕೆಂಪು ಹಾಕಿದರೆ ಸಾಕು, ಮಂಕಾಗುತ್ತದೆ.

ಬಿರುಕು ಬಿಟ್ಟ ಬಣ್ಣ ಬೇಕು ಅನ್ನುವವರಿಗೆ: ಅಡಿ ಬಣ್ಣ ಒಣಗಿದ ಮೇಲೆ ಫೆವಿಕಾಲ್ ದಪ್ಪಗೆ ಹಚ್ಚಿ, ಬೆರಳಿಗೆ ಅಂಟುವ ಆದರೆ ಬೆರಳಿಗೆ ಬಾರದ ಹದ ಬಂದಾಗ ಮೇಲಿನ ಎಮಲ್ಶನ್ ಒಂದೇ ಎಳೆತದಲ್ಲಿ ಹಚ್ಚಿ. ಎರಡನೇ ಸಲ ಬ್ರಷ್ ಆಡಿಸಬೇಡಿ, ಬಿರುಕು ಮುಚ್ಚಿಹೋಗುತ್ತದೆ. ಬ್ರಷ್ ಎಳೆದ ದಿಕ್ಕಿನಲ್ಲೇ ಬಿರುಕು ಏಳುತ್ತದೆ, ಅದಕ್ಕೆ ಎಳೆಯ ಉದ್ದಕ್ಕೇ ಎಳೆಯಿರಿ. ಒಣ ಗಾಳಿಗೆ ಇದು ಬೇಗ ಕೂರುತ್ತದೆ. ಎಲ್ಲಾ ಪಟ್ಟಿಗೂ ಮಾಡಬೇಡಿ, ಐದರಲ್ಲಿ ಒಂದಕ್ಕೆ ಸಾಕು.

ಉಜ್ಜುವುದಕ್ಕೆ 120, ಆಮೇಲೆ 220 ನಂಬರಿನ ಪೇಪರ್. ಮೇಣ ಹಚ್ಚಿದ ಕಡೆ ಪುಟ್ಟಿ ಹಾಕುವ ಪತ್ತಿಯಿಂದ ಸವರಿದರೆ ಚಕ್ಕೆ ತಾನೇ ಬರುತ್ತದೆ. ಎಮಲ್ಶನ್ ಅರ್ಧ ಆರಿದಾಗ ಒದ್ದೆ ಬಟ್ಟೆಯಿಂದ ಅಂಚು ಒರೆಸುವುದು ಇನ್ನೂ ಒಳ್ಳೇದು, ಪೇಪರಿನ ಗೀರು ಬೀಳುವುದಿಲ್ಲ, ಬಣ್ಣ ಮೆಲ್ಲಗೆ ಮಾಯವಾಗುತ್ತದೆ. ಹತ್ತಡಿ ದೂರ ಹೋಗಿ ನೋಡಿ. ಇನ್ನೂ ಸ್ವಲ್ಪ ಉಜ್ಜಬೇಕು ಅನಿಸಿದಾಗ ನಿಲ್ಲಿಸಿ, ರಾತ್ರಿ ಬಿಟ್ಟು ಬೆಳಿಗ್ಗೆ ನೋಡಿ. ಹಚ್ಚಿದ್ದನ್ನು ತೆಗೆಯಬಹುದು, ತೆಗೆದದ್ದನ್ನು ಅದೇ ಥರ ವಾಪಸ್ ಹಚ್ಚಲು ಬರುವುದಿಲ್ಲ.

ಎಣ್ಣೆ, ಹಗ್ಗ, ತೂಗು ಹಾಕುವುದು

ಹೊಳೆಯುವ ವಾರ್ನಿಶ್ ಹೊಡೆದರೆ ಇಷ್ಟು ಹೊತ್ತು ಮಾಡಿದ್ದೆಲ್ಲಾ ಹಾಳು. ಸುಣ್ಣ ಹಚ್ಚಿದ್ದಕ್ಕೆ ಏನೂ ಬೇಡ. ಬಣ್ಣ ಹಚ್ಚದ ಕಟ್ಟಿಗೆಗೆ ಅಗಸೆ ಎಣ್ಣೆ. ಅಗಸೆ ಹಿಂಡಿ ತಿಂದು ಬೆಳೆದವರಿಗೆ ಅದರ ವಾಸನೆ ಹೊಸದಲ್ಲ, ಆದರೆ ಗಾಣದ ಹಸಿ ಎಣ್ಣೆ ಒಣಗಲು ಬಹಳ ದಿನ ತಗೊಳ್ಳುತ್ತದೆ, ಹಾರ್ಡ್‌ವೇರ್ ಅಂಗಡಿಯಲ್ಲಿ ‘ಡಬಲ್ ಬಾಯಿಲ್ಡ್’ ಅಂತ ಕೇಳಿ. ಅದರಲ್ಲಿ ಬೇಗ ಒಣಗಲು ಬೇರೆ ಪದಾರ್ಥ ಸೇರಿಸಿರುತ್ತಾರೆ, ತಿನ್ನುವಂಥದ್ದಲ್ಲ. ತೆಳ್ಳಗೆ ಹಚ್ಚಿ, ಹತ್ತು ನಿಮಿಷ ಬಿಟ್ಟು ಮಿಕ್ಕಿದ್ದನ್ನು ಒರೆಸಿಬಿಡಿ.

ಒರೆಸಿದ ಬಟ್ಟೆಯನ್ನು ಉಂಡೆ ಮಾಡಿ ಮೂಲೆಗೆ ಎಸೆಯಬೇಡಿ. ಇದು ದೊಡ್ಡ ಮಾತು. ಅಗಸೆ ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ, ಮುದುಡಿದ ಬಟ್ಟೆಯಲ್ಲಿ ಆ ಬಿಸಿ ಹೊರಗೆ ಹೋಗದೆ ತಾನೇ ಹೊತ್ತಿಕೊಳ್ಳುತ್ತದೆ, ಕಡ್ಡಿ ಗೀರುವುದೇ ಬೇಡ. ಅಂಗಳದಲ್ಲಿ ಬಿಚ್ಚಿ ಹರವಿ ಒಣಗಿಸಿ, ಇಲ್ಲವೇ ನೀರು ತುಂಬಿದ ಡಬ್ಬಕ್ಕೆ ಹಾಕಿ.

ಹಗ್ಗಕ್ಕೆ ನೈಲಾನ್ ಹಾಕಬೇಡಿ, ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ. ಸೆಣಬಿನ ಹುರಿ ಆಗುತ್ತದೆ, ಪುಂಡಿ ನಾರಿನ ಹಗ್ಗ ಸಿಕ್ಕರೆ ಇನ್ನೂ ಒಳ್ಳೇದು. ಸ್ಟಾರ್ ಭಾರ ಇರುತ್ತದೆ, ಬಾಗಿಲ ಮೇಲೆ ತೂಗು ಹಾಕುವುದಾದರೆ ಒಂದೇ ತುದಿಯಿಂದ ಬೇಡ, ಮೇಲಿನ ಎರಡು ಒಳಮೂಲೆಯಿಂದ ಹಗ್ಗ ತಂದು ಒಂದೇ ಕೊಂಡಿಗೆ ಕಟ್ಟಿ, ಗಾಳಿಗೆ ಗಿರಗಿರ ತಿರುಗುವುದಿಲ್ಲ. ಸೀರಿಯಲ್ ಲೈಟ್ ಸುತ್ತುವುದಾದರೆ ಹಿಂಬದಿಯಲ್ಲಿ ಸುತ್ತಿ, ವೈರಿಗೆ ಸ್ಟೇಪಲ್ ಹೊಡೆಯದೆ ದಾರದಿಂದ ಕಟ್ಟಿ. ಹಿಂದಿನಿಂದ ಬೆಳಕು ಗೋಡೆಗೆ ಬಿದ್ದು ವಾಪಸ್ ಬಂದರೆ ಸವೆದ ಅಂಚು ಚೆನ್ನಾಗಿ ಕಾಣುತ್ತದೆ, ಬಲ್ಬು ಮುಂದೆ ಇದ್ದರೆ ಬಲ್ಬು ಒಂದೇ ಕಾಣುವುದು.

ಹಬ್ಬ ಮುಗಿದ ಮೇಲೆ ಒಣ ಬಟ್ಟೆಯಿಂದ ಧೂಳು ಒರೆಸಿ, ಹಳೇ ಪೇಪರಿನಲ್ಲಿ ಸುತ್ತಿ ಅಟ್ಟದ ಮೇಲೆ ಇಡಿ. ನೆಲಕ್ಕೆ, ಗೋಡೆಗೆ ತಾಗಿಸಬೇಡಿ, ಗೆದ್ದಲು ಬರುವುದು ಅಲ್ಲಿಂದಲೇ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದರೆ ಮಳೆಗಾಲದಲ್ಲಿ ಒಳಗೇ ಬೂಸ್ಟು ಹಿಡಿಯುತ್ತದೆ. ಮುಂದಿನ ನವೆಂಬರ್‌ನಲ್ಲಿ ಬಿಚ್ಚಿದಾಗ ಪೇಪರಿನ ಮೇಲೆ ಹಿಟ್ಟಿನಂಥ ಪುಡಿ ಬಿದ್ದಿದೆಯಾ ನೋಡಿ. ಬಿದ್ದಿದ್ದರೆ ಆ ಪಟ್ಟಿ ಒಂದನ್ನೇ ಬಿಚ್ಚಿ ತೆಗೆದು ಬೇರೆ ಹಾಕಿ, ಬೋಲ್ಟು ಹಾಕಿದ್ದು ಅದಕ್ಕೇ.